ಗಾಂಜಾದ ಬಗ್ಗೆ ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳೋಣ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ವಿಷಯ: ಶಾಲಾ–ಕಾಲೇಜುಗಳ ಜಾಗೃತಿ ಕಾರ್ಯಕ್ರಮಗಳಲ್ಲಿ ಗಾಂಜಾದ ಪರಿಣಾಮಗಳ ಕುರಿತು ಸರಿಯಾದ ಮಾಹಿತಿ ನೀಡುವುದು ಹಾಗೂ ಚಿಕಿತ್ಸೆ ಬಯಸಿ ಬರುವವರಿಗೆ ಕಾನೂನಿನಲ್ಲಿರುವ ರಕ್ಷಣೆಯನ್ನು ಜನರಿಗೆ ತಿಳಿಸುವುದು.

ಮಾನ್ಯರೇ,

ಪ್ರತಿ ವರ್ಷ ಜೂನ್ 26ರಂದು ನಮ್ಮ ಜಿಲ್ಲೆಯ ಶಾಲಾ–ಕಾಲೇಜುಗಳಲ್ಲಿ ಮಾದಕವಸ್ತು ವಿರೋಧಿ ದಿನದ ಪ್ರತಿಜ್ಞೆ ಬೋಧಿಸಲಾಗುತ್ತದೆ. ಮಳೆ ತುಸು ಬಿಡುವು ಕೊಟ್ಟರೆ ಜಾಥಾ, ಕೊಡದಿದ್ದರೆ ಸಭಾಂಗಣದಲ್ಲೇ ಭಾಷಣ. ಕುಮಟಾ ತಾಲ್ಲೂಕಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತಳಾಗಿರುವ ನಾನು ಇಂಥ ಸಭೆಗಳಲ್ಲಿ ವೇದಿಕೆಯ ಮೇಲೂ ಕುಳಿತಿದ್ದೇನೆ, ಮಕ್ಕಳ ಸಾಲಿನ ಪಕ್ಕದಲ್ಲೂ ನಿಂತಿದ್ದೇನೆ. ಗಾಂಜಾದ ಬಗ್ಗೆ ಅಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ ತೆರನಾದದ್ದು: ಒಮ್ಮೆ ಸೇದಿದವನು ಮತ್ತೆ ಬಿಡಲಾರ, ಸೇದಿದವನಿಗೆ ಹುಚ್ಚು ಹಿಡಿಯುತ್ತದೆ, ಕೊನೆಗೆ ಸಾವೇ ಗತಿ. ಹಿಂದಿನ ಸಾಲಿನ ಹುಡುಗರು ಇದನ್ನು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಸೇದಿಯೂ ಸಾಯದೆ, ಹುಚ್ಚೂ ಹಿಡಿಯದೆ, ದಿನಾ ಬೈಕಿನಲ್ಲಿ ಕೆಲಸಕ್ಕೆ ಹೋಗಿಬರುವ ಒಬ್ಬನಾದರೂ ಅವರ ಪರಿಚಯದಲ್ಲಿ ಇದ್ದೇ ಇರುತ್ತಾನೆ. ಒಂದು ಮಾತು ಸುಳ್ಳೆಂದು ಕಂಡ ಮೇಲೆ ನಾವು ಹೇಳಿದ ಉಳಿದದ್ದೂ, ಅದರಲ್ಲಿ ನಿಜವಾಗಿದ್ದುದೂ, ಆ ಮಕ್ಕಳ ಲೆಕ್ಕದಲ್ಲಿ ಸುಳ್ಳೇ ಆಗುತ್ತದೆ. ಮುಂದೆ ಏನಾದರೂ ಕೇಳಬೇಕೆನಿಸಿದರೆ ಅವರು ಕೇಳುವುದು ಪೊಟ್ಟಣ ತಂದುಕೊಡುವವನನ್ನು.

ಅವನ ಉತ್ತರವೂ ಸಿದ್ಧವಾಗಿರುತ್ತದೆ. ಇದು ಬರೀ ಸೊಪ್ಪು, ಶಿವನ ಪ್ರಸಾದ, ಸಾಧುಗಳು ಸೇದುವುದಿಲ್ಲವೇ, ಕೆನಡಾದಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಹೆಂಡಕ್ಕಿಂತ ಎಷ್ಟೋ ವಾಸಿ. ಗೋಕರ್ಣದ ಕಡಲತೀರಗಳು ಕಣ್ಣಳತೆಯಲ್ಲಿರುವ ಊರುಗಳಲ್ಲಿ ಈ ಮಾತಿಗೆ ಬೇಕಾದಷ್ಟು ಕಿವಿಗಳಿವೆ. ಮಾದಕವಸ್ತು ನಿಯಂತ್ರಣದ ಜಿಲ್ಲಾ ಮಟ್ಟದ ಎನ್‌ಕಾರ್ಡ್ ಸಮಿತಿಗೆ ತಾವೇ ಅಧ್ಯಕ್ಷರಾಗಿರುವುದರಿಂದ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವೆಂದರೆ, ಇದರ ಅರ್ಧದಷ್ಟು ಭಾಗ ನಮ್ಮ ಜಿಲ್ಲೆಯ ತಾಯಿ–ತಂದೆಯರು ಓದಬೇಕಾದದ್ದು.

ಮೊದಲಿಗೆ ದೇಹದಲ್ಲಿ ಆಗುವುದೇನು ಎಂಬುದನ್ನು ಹೇಳುತ್ತೇನೆ, ಏಕೆಂದರೆ ಭಾಷಣಗಳಲ್ಲಿ ಬಿಟ್ಟುಹೋಗುವುದು ಇದೇ. ಗಾಂಜಾ, ಚರಸ್, ಭಂಗಿ ಮೂರೂ ಒಂದೇ ಗಿಡದಿಂದ ಬರುತ್ತವೆ. ಹೂಗೊಂಚಲು ಗಾಂಜಾ, ಅದರ ಅಂಟು ಚರಸ್, ಎಲೆ ಭಂಗಿ. ಅಮಲಿಗೆ ಮುಖ್ಯ ಕಾರಣವಾದ ಟೆಟ್ರಾಹೈಡ್ರೋಕ್ಯಾನಬಿನಾಲ್, ಅಂದರೆ ಟಿಎಚ್‌ಸಿ, ಎಂಬ ರಾಸಾಯನಿಕವನ್ನು ಇಸ್ರೇಲಿನ ರಫೇಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೋನಿ ಅವರು 1964ರಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತೋರಿಸಿಕೊಟ್ಟರು. ಅದು ಮಿದುಳಿನಲ್ಲಿ ಹೋಗಿ ಕೂರುವ ಗ್ರಾಹಕಗಳು ಇವೆಯೆಂಬುದು 1988ರಲ್ಲಿ ಖಚಿತವಾಯಿತು. ಅದೇ ಗ್ರಾಹಕಗಳ ಮೇಲೆ ಕೆಲಸ ಮಾಡಲು ನಮ್ಮ ದೇಹವೇ ತಯಾರಿಸಿಕೊಳ್ಳುವ ಆನಂದಮೈಡ್ ಎಂಬ ವಸ್ತು 1992ರಲ್ಲಿ ಪತ್ತೆಯಾಯಿತು. ನರಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶ ಅತಿಯಾದಾಗ ಅದನ್ನು ತಗ್ಗಿಸುವುದು ಈ ವ್ಯವಸ್ಥೆಯ ಕೆಲಸ. ಅಘನಾಶಿನಿ ದಂಡೆಯ ಗಜನಿ ಗದ್ದೆಗಳಲ್ಲಿ ಭರತ–ಇಳಿತ ನೋಡಿಕೊಂಡು ತೂಬಿನ ಹಲಗೆಯನ್ನು ಬೇಕಾದಷ್ಟೇ ಎತ್ತಿ ಇಳಿಸುವ ಹಾಗೆ, ದೇಹ ತನ್ನ ಈ ವಸ್ತುವನ್ನು ಬೇಕಾದ ಕಡೆ, ಬೇಕಾದ ಹೊತ್ತಿಗೆ, ಕ್ಷಣಕಾಲಕ್ಕೆ ಮಾತ್ರ ಬಿಡುತ್ತದೆ. ಹೊರಗಿನಿಂದ ಬಂದ ಟಿಎಚ್‌ಸಿ ಎಲ್ಲ ತೂಬುಗಳನ್ನೂ ಒಟ್ಟಿಗೇ ತೆರೆದು ಗಂಟೆಗಟ್ಟಲೆ ಹಾಗೆಯೇ ಬಿಟ್ಟುಬಿಡುತ್ತದೆ.

ಆ ಗ್ರಾಹಕಗಳು ಎಲ್ಲೆಲ್ಲಿ ದಟ್ಟವಾಗಿವೆಯೋ ಅದಕ್ಕೆ ತಕ್ಕಂತೆ ಪರಿಣಾಮವೂ ಇರುತ್ತದೆ. ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್‌ನಲ್ಲಿ ಅವು ಹೇರಳವಾಗಿರುವುದರಿಂದ ಆಡುತ್ತಿದ್ದ ಮಾತಿನ ಎಳೆ ಅರ್ಧಕ್ಕೇ ತಪ್ಪುತ್ತದೆ, ಓದಿದ ಪುಟ ತಲೆಯಲ್ಲಿ ನಿಲ್ಲುವುದಿಲ್ಲ. ಅನುಮಸ್ತಿಷ್ಕದಲ್ಲಿ ಇರುವುದರಿಂದ ದೇಹದ ಸಮತೋಲ ಮತ್ತು ಕೈಚಳಕ ಕುಂದುತ್ತವೆ. ಭಯವನ್ನು ನಿರ್ವಹಿಸುವ ಅಮಿಗ್ಡಲಾದಲ್ಲಿಯೂ ಅವು ಇರುವುದರಿಂದ ಕಡಿಮೆ ಪ್ರಮಾಣದಲ್ಲಿ ನೆಮ್ಮದಿ ಕೊಟ್ಟ ವಸ್ತುವೇ ಹೆಚ್ಚಾದಾಗ ವಿಪರೀತ ದಿಗಿಲು ಹುಟ್ಟಿಸುತ್ತದೆ. ಐದು ನಿಮಿಷ ಅರ್ಧ ಗಂಟೆಯಂತೆ ಅನಿಸುವುದು, ಹಸಿವು ಕೆರಳುವುದು, ಬಾಯಿ ಒಣಗುವುದು, ಕಣ್ಣು ಕೆಂಪಾಗುವುದು, ಎದೆಬಡಿತ ನಿಮಿಷಕ್ಕೆ 20ರಿಂದ 50ರಷ್ಟು ಏರುವುದು, ಥಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುವುದು ಇವೆಲ್ಲ ಅದರ ಮಾಮೂಲು ಲಕ್ಷಣಗಳು. ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡಭಾಗದಲ್ಲಿ ಮಾತ್ರ ಈ ಗ್ರಾಹಕಗಳು ತೀರಾ ವಿರಳ. ಹೆರಾಯಿನ್ ಹೆಚ್ಚಾದಾಗ ಆಗುವಂತೆ ಉಸಿರೇ ನಿಂತು ಸಾಯುವುದು ಗಾಂಜಾ ಸೇದಿದ ವಯಸ್ಕರಲ್ಲಿ ಕಾಣದಿರಲು ಕಾರಣ ಇದು. ಇದನ್ನು ಮಕ್ಕಳೆದುರು ಒಪ್ಪಿಕೊಳ್ಳಲು ನಾವೇಕೆ ಅಂಜಬೇಕು? ಒಪ್ಪಿಕೊಂಡ ಮೇಲೆಯೇ, ಗಾಂಜಾದ ಹೆಸರಿನಲ್ಲಿ ಮಾರುವ ಕೃತಕ ರಾಸಾಯನಿಕಗಳ ವಿಷಯ ಬೇರೆ, ಅವುಗಳಿಂದ ಜೀವಗಳು ಹೋಗಿವೆ ಎಂದರೆ ಅವರು ನಂಬುತ್ತಾರೆ. ಪುಟ್ಟ ಮಕ್ಕಳು ಅರಿಯದೆ ಗಾಂಜಾ ಬೆರೆತ ತಿನಿಸು ತಿಂದರೆ ಎಚ್ಚರ ತಪ್ಪಿ ಉಸಿರಾಟಕ್ಕೇ ತೊಂದರೆಯಾಗಬಹುದು ಎಂಬುದನ್ನೂ ಆಗ ಹೇಳಬಹುದು.

ಸೇದುವುದಕ್ಕೂ ತಿನ್ನುವುದಕ್ಕೂ ಇರುವ ವ್ಯತ್ಯಾಸ ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರಬೇಕಾದದ್ದು. ಕೆಲವು ವರ್ಷಗಳ ಹಿಂದೆ ಶಿವರಾತ್ರಿಯ ಮರುದಿನ ನಸುಕಿನಲ್ಲಿ ನೆರೆಮನೆಯವರು ನನ್ನನ್ನು ಕರೆದರು. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಅವರ ಮಗ, ನನ್ನ ಹಳೆಯ ವಿದ್ಯಾರ್ಥಿ, ಜಗಲಿಯ ಕಂಬಕ್ಕೆ ಒರಗಿ ತನ್ನ ಕೊರಳ ನಾಡಿಯನ್ನೇ ಒತ್ತಿ ಹಿಡಿದುಕೊಂಡಿದ್ದ. ಕೈ ತೆಗೆದರೆ ಎದೆಬಡಿತ ನಿಂತುಹೋಗುತ್ತದೆ ಎಂಬ ಭಯ ಅವನಿಗೆ. “ನಾ ಸತ್ತೋಗ್ತೆ ಅಕ್ಕೋರೆ” ಎಂಬ ಒಂದೇ ಮಾತು. ಅಜ್ಜಿ ಆಗಲೇ ಉಪ್ಪು–ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದರು. ಸ್ನೇಹಿತರೊಡನೆ ಕಡಲತೀರಕ್ಕೆ ಹೋದವನು ಗಾಂಜಾ ಬೆರೆತ ಉಂಡೆಯೊಂದನ್ನು ತಿಂದಿದ್ದ, ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲವೆಂದು ಇನ್ನೊಂದನ್ನೂ ತಿಂದಿದ್ದ. ಹೊಗೆಯಾಗಿ ಒಳಹೋದ ಟಿಎಚ್‌ಸಿ ಕೆಲವೇ ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ, ಎರಡು–ಮೂರು ಗಂಟೆಗಳಲ್ಲಿ ಅದರ ಅಮಲು ಬಹುಮಟ್ಟಿಗೆ ಇಳಿಯುತ್ತದೆ. ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ, ಪಿತ್ತಜನಕಾಂಗದಲ್ಲಿ ಅದು ಇನ್ನಷ್ಟು ತೀಕ್ಷ್ಣವಾದ ಇನ್ನೊಂದು ರೂಪಕ್ಕೆ ಬದಲಾಗುತ್ತದೆ, ಆರೆಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಬಿಡದೆ ಕಾಡುತ್ತದೆ. ಎರಡನೆಯ ಉಂಡೆ ತಿನ್ನುವ ಹೊತ್ತಿಗೆ ಮೊದಲನೆಯದು ಇನ್ನೂ ದಾರಿಯಲ್ಲೇ ಇತ್ತು ಎಂಬುದು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಪ್ರತಿಜ್ಞೆಯನ್ನು ಮಾತ್ರ ಅವನು ಪ್ರತಿ ವರ್ಷ ತಪ್ಪದೆ ಓದಿದ್ದ.

ಆ ದಿನ ನನ್ನ ಮನಸ್ಸಿನಲ್ಲಿ ಉಳಿದದ್ದು ಅವನ ಭಯಕ್ಕಿಂತ ಹೆಚ್ಚಾಗಿ ಮನೆಯವರ ಭಯ. ಆಸ್ಪತ್ರೆಯಲ್ಲಿ ಅವರು ವೈದ್ಯರಿಗೆ ಹೇಳಿದ್ದು “ರಾತ್ರಿ ಊಟದಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ” ಎಂದು. ನಿಜ ಹೇಳಿದರೆ ಕೇಸಾಗುತ್ತದೆ, ಹುಡುಗನ ಓದು ಹಾಳಾಗುತ್ತದೆ ಎಂಬುದು ಅವರ ಲೆಕ್ಕ. ಇಸಿಜಿಯಾಯಿತು, ರಕ್ತಪರೀಕ್ಷೆಯಾಯಿತು, ಹೃದಯದ ತಜ್ಞರಿಗೆ ತೋರಿಸಿ ಎಂಬ ಚೀಟಿಯೂ ಸಿಕ್ಕಿತು. ಇಂಥ ದಿಗಿಲಿಗೆ ಬೇಕಾದದ್ದು ಹೆಚ್ಚಿನ ಸಲ ಗದ್ದಲವಿಲ್ಲದ ಒಂದು ಕೋಣೆ, ಕುಡಿಯಲು ನೀರು, ಪಕ್ಕದಲ್ಲಿ ಕುಳಿತು ಇದು ಇಳಿಯುತ್ತದೆ ಎಂದು ಧೈರ್ಯ ಹೇಳುವ ಒಬ್ಬರು. ಎದೆನೋವು, ಪ್ರಜ್ಞೆ ತಪ್ಪುವುದು, ನಿಲ್ಲದ ವಾಂತಿ, ಇಲ್ಲದ್ದನ್ನು ಕಾಣುವುದು, ತನ್ನನ್ನೋ ಇತರರನ್ನೋ ಘಾಸಿಗೊಳಿಸಲು ಹೊರಡುವುದು ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಒಯ್ದ ಮೇಲೆ ತಿಂದದ್ದೇನು, ಎಷ್ಟು, ಜೊತೆಗೆ ಮದ್ಯವೂ ಇತ್ತೇ ಎಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. ಹೃದಯದ ತೊಂದರೆ ಮೊದಲೇ ಇದ್ದವರಿಗೆ ಆ ಏರಿದ ಎದೆಬಡಿತವೇ ಅಪಾಯವಾಗಬಲ್ಲದು.

ಇನ್ನು ಹುಚ್ಚಿನ ಮಾತು. ಇದರಲ್ಲಿ ನಿಜವಿದೆ, ಆದರೆ ನಾವು ಹೇಳುವ ರೀತಿಯಲ್ಲಿ ಇಲ್ಲ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45,000ಕ್ಕೂ ಹೆಚ್ಚು ಯುವಕರನ್ನು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. 50ಕ್ಕೂ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಕಾಣಿಸಿಕೊಳ್ಳುವ ಸಂಭವ, ಎಂದೂ ಬಳಸದವರಿಗಿಂತ ಆರು ಪಟ್ಟು ಹೆಚ್ಚಾಗಿತ್ತು. ಅದರಲ್ಲಿ ಒಂದಷ್ಟು ಪಾಲು ಬೇರೆ ಕಾರಣಗಳದ್ದೂ ಇದ್ದೀತೆಂದು ನಂತರದ ಸಂಶೋಧಕರು ಸರಿಯಾಗಿಯೇ ಎಚ್ಚರಿಸಿದ್ದಾರೆ. ಯುರೋಪಿನ ಹಲವು ಕೇಂದ್ರಗಳಲ್ಲಿ ಮತ್ತು ಬ್ರೆಜಿಲ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಟಿಎಚ್‌ಸಿ ಅಂಶ ಹೆಚ್ಚಿರುವ ಗಾಂಜಾವನ್ನು ದಿನವೂ ಬಳಸುವವರಲ್ಲಿ ಮನೋವಿಕಾರದ ಸಂಭವ ಸುಮಾರು ಐದು ಪಟ್ಟು ಕಂಡುಬಂತು. ನೂರು ಜನ ಸಾಮಾನ್ಯರಲ್ಲಿ ಸ್ಕಿಜೋಫ್ರೇನಿಯಾ ಬರುವುದು ಹೆಚ್ಚೆಂದರೆ ಒಬ್ಬರಿಗೆ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಅಂದರೆ ಸೇದಿದವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದಿಲ್ಲ. ಬರುವ ಕೆಲವರಲ್ಲಿ ಚಿಕ್ಕ ವಯಸ್ಸಿನಲ್ಲಿ ಆರಂಭಿಸಿದವರು, ದಿನನಿತ್ಯ ಬಳಸುವವರು, ವಂಶದಲ್ಲಿ ಈಗಾಗಲೇ ಮನೋರೋಗ ಇರುವವರು ಮುಂದಿರುತ್ತಾರೆ. ಅಂಥವರಿಗೆ ಅಮಲು ಇಳಿದ ಮೇಲೂ ಯಾರೋ ಬೆನ್ನು ಹತ್ತಿದ್ದಾರೆ, ಗೋಡೆಯಾಚೆ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬ ಭ್ರಮೆ ಹೋಗುವುದಿಲ್ಲ.

ಇಲ್ಲಿ ನಮ್ಮ ಊರುಗಳ ಒಂದು ದೊಡ್ಡ ತೊಡಕಿದೆ. ವಂಶದಲ್ಲಿ ಮನೋರೋಗವಿದ್ದರೆ ಅದನ್ನು ಮಕ್ಕಳಿಗೆ ನಾವು ಹೇಳುವುದೇ ಇಲ್ಲ. ಮದುವೆಯಾಗದೆ ಅಟ್ಟದ ಕೋಣೆಯಲ್ಲೇ ಉಳಿದುಹೋದ ದೊಡ್ಡಪ್ಪ, ಊರು ಬಿಟ್ಟುಹೋದ ಸೋದರಮಾವ, ಹೆರಿಗೆಯ ನಂತರ ತವರಿನಲ್ಲೇ ನಿಂತ ಅತ್ತೆ, ಇವರ ಕತೆ ಮನೆಯ ಹಿರಿಯರಿಗೆ ಗೊತ್ತು. ಸಂಬಂಧ ಕೂಡಿಬರಲಿಕ್ಕಿಲ್ಲ ಎಂಬ ಅಂಜಿಕೆಯಿಂದ ಅದು ಹೊಸ್ತಿಲು ದಾಟುವುದಿಲ್ಲ. ಗಾಂಜಾದಿಂದ ಅತಿ ಹೆಚ್ಚು ದೂರ ಇರಬೇಕಾದ ಹುಡುಗನಿಗೇ ತನಗೆ ಆ ಅಪಾಯವಿದೆಯೆಂಬುದು ತಿಳಿದಿರುವುದಿಲ್ಲ. ಸ್ನೇಹಿತರೆಲ್ಲ ಸೇದಿ ನಕ್ಕು ಮನೆಗೆ ಹೋದರು, ಇವನೊಬ್ಬನಿಗೆ ಮಾತ್ರ ಏಕೆ ಹೀಗಾಯಿತು ಎಂದು ಆಮೇಲೆ ಊರು ಕೇಳುತ್ತದೆ. ತಾಯಿ–ತಂದೆಯರಲ್ಲಿ ನನ್ನ ವಿನಂತಿ ಇಷ್ಟೇ: ಜಾತಕ ತೋರಿಸುವವರಿಗೆ ಹೇಳದಿದ್ದರೆ ಬೇಡ, ಹದಿನೈದು ದಾಟಿದ ನಿಮ್ಮ ಮಕ್ಕಳಿಗಾದರೂ ಹೇಳಿ.

ವಯಸ್ಸಿನ ವಿಷಯವೂ ಹೀಗೆಯೇ. ಮಿದುಳಿನ ಮುಂಭಾಗ, ಅಂದರೆ ಮುಂದಾಲೋಚನೆ ಮತ್ತು ಸಂಯಮದ ಭಾಗ, ಪೂರ್ಣವಾಗಿ ಮಾಗುವುದು ಇಪ್ಪತ್ತರ ನಡುಹರೆಯದಲ್ಲಿ. ಅದು ರೂಪುಗೊಳ್ಳುವುದರಲ್ಲಿ ಮೇಲೆ ಹೇಳಿದ ಆನಂದಮೈಡಿನ ವ್ಯವಸ್ಥೆಗೂ ಪಾತ್ರವಿರುವುದರಿಂದ ಹದಿನಾಲ್ಕರಲ್ಲಿ ಸೇದುವುದೂ ನಲವತ್ತರಲ್ಲಿ ಸೇದುವುದೂ ಒಂದೇ ಆಗುವುದಿಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ ಹುಟ್ಟಿದ ಸಾವಿರದಷ್ಟು ಮಕ್ಕಳನ್ನು ಮಧ್ಯವಯಸ್ಸಿನವರೆಗೂ ಅನುಸರಿಸಿದ ಅಧ್ಯಯನವು, ಹದಿಹರೆಯದಲ್ಲೇ ಚಟಕ್ಕೆ ಬಿದ್ದು ವರ್ಷಗಟ್ಟಲೆ ಮುಂದುವರಿದವರ ಬುದ್ಧಿಮತ್ತೆಯ ಅಂಕ 38ನೆಯ ವಯಸ್ಸಿಗೆ ಸುಮಾರು 8ರಷ್ಟು ಕುಸಿದಿತ್ತೆಂದು 2012ರಲ್ಲಿ ವರದಿ ಮಾಡಿತು. ಅವಳಿಗಳ ಮೇಲಿನ ಕೆಲವು ಅಧ್ಯಯನಗಳು ಇದನ್ನು ಒಪ್ಪುವುದಿಲ್ಲ, ಮನೆಯ ಪರಿಸರವೂ ಕಾರಣವಿದ್ದೀತು ಎನ್ನುತ್ತವೆ. ಬುದ್ಧಿಮತ್ತೆಯ ವಾದ ಏನೇ ಇರಲಿ, ದಿನಾ ಸೇದುವ ಹುಡುಗ ಪಿಯುಸಿ ಎರಡನೇ ವರ್ಷದ ರಸಾಯನಶಾಸ್ತ್ರವನ್ನು ತಲೆಯಲ್ಲಿ ಇಟ್ಟುಕೊಳ್ಳಲಾರ ಎಂಬುದನ್ನು ಯಾವ ಶಿಕ್ಷಕರಾದರೂ ಹೇಳಬಲ್ಲರು. ಕೆನಡಾದ ಹೆಸರು ಹೇಳುವವರಿಗೂ ಒಂದು ಮಾತು: ಅಲ್ಲಿ 2018ರ ಅಕ್ಟೋಬರ್ 17ರಿಂದ ಮಾರಾಟ ಕಾನೂನುಬದ್ಧವಾಗಿದೆ, ನಿಜ. ಆದರೆ ಅಪ್ರಾಪ್ತರಿಗೆ ಮಾರುವುದು ಅಲ್ಲಿ ಅಪರಾಧ, ಕ್ವಿಬೆಕ್ ಪ್ರಾಂತ್ಯ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದೆ, ತಿನಿಸಿನ ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಮಿಗಿಂತ ಹೆಚ್ಚು ಟಿಎಚ್‌ಸಿ ಇರುವಂತಿಲ್ಲ. ಕಡಲತೀರದ ಉಂಡೆಗೆ ಇಂಥ ಅಳತೆಯಿಲ್ಲ, ಕಟ್ಟಿದವನಿಗೂ ಅದರೊಳಗೆ ಎಷ್ಟಿದೆಯೆಂಬುದು ತಿಳಿಯದು. ಅಜ್ಜನ ಕಾಲದ ಗಾಂಜಾ, ಇಂದಿನ ಗಾಂಜಾ ಒಂದೇ ಎಂಬ ನಂಬಿಕೆಯೂ ಸರಿಯಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲಿನಲ್ಲಿ 1995ರಲ್ಲಿ ಸರಾಸರಿ ಶೇ 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ 12ರ ಆಸುಪಾಸಿಗೆ ಬಂದಿತ್ತು. ಮಣ್ಣಿಲ್ಲದೆ ದೀಪದ ಬೆಳಕಿನಲ್ಲಿ ಬೆಳೆಸಿ ‘ಹೈಡ್ರೋ’ ಎಂದು ಮಾರುವ ಬಗೆಯಲ್ಲಿ ಅದು ಇನ್ನೂ ಹೆಚ್ಚು.

ದುಡಿಯುವವರ ಮಾತನ್ನು ಯಾವ ಭಾಷಣದಲ್ಲಿಯೂ ನಾನು ಕೇಳಿಲ್ಲ. ಶಿರಸಿ–ಸಿದ್ದಾಪುರದ ತೋಟಗಳಲ್ಲಿ ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದಕ್ಕೆ ಜೀಕಿ ದಾಟುವ ಕೊನೆಗೌಡರಿಗೆ, ತದಡಿ–ಬೈತಖೋಲದ ಬೋಟುಗಳಲ್ಲಿ ರಾತ್ರಿಯೆಲ್ಲ ವಿಂಚಿನ ಪಕ್ಕ ನಿಂತು ಬಲೆ ಎಳೆಯುವವರಿಗೆ, ದೇವಿಮನೆ ಘಟ್ಟ, ಅರಬೈಲ್ ಘಟ್ಟದ ತಿರುವುಗಳಲ್ಲಿ ಲಾರಿ ಇಳಿಸುವವರಿಗೆ ಸಮತೋಲ ಮತ್ತು ಕ್ಷಣದ ಅಂದಾಜೇ ಜೀವ. ದಣಿವು ಆರಿಸಿಕೊಳ್ಳಲು ಸೇದಿದ ಒಂದು ಗಾಂಜಾ ಬೀಡಿ ಕಸಿಯುವುದು ಅದನ್ನೇ. ಸೇದಿದ ಮೇಲೆ ಕಡಿಮೆಯೆಂದರೂ ಐದಾರು ಗಂಟೆ, ತಿಂದಿದ್ದರೆ ಆ ಇಡೀ ದಿನ, ಮರ, ಯಂತ್ರ, ವಾಹನಗಳ ತಂಟೆಗೆ ಹೋಗಬಾರದು. ಹೆಚ್ಚಿನವರು ತಂಬಾಕಿನೊಡನೆ ಬೆರೆಸಿ ಸೇದುವುದರಿಂದ ಆ ಚಟವೂ ಜೊತೆಗೆ ಅಂಟುತ್ತದೆ. ದೀರ್ಘಕಾಲದ ಕೆಮ್ಮು, ಕಫ ಎರಡರ ಹೊಗೆಯಿಂದಲೂ ಬರುತ್ತವೆ. ಬಸುರಿಯರು ಸೇದಿದರೆ ಮಗುವಿನ ಜನನತೂಕ ಕುಗ್ಗಬಹುದು.

ಚಟದ ಬಗ್ಗೆ ನಮ್ಮ ಮಾತು ಒಂದೋ ಅತಿರೇಕ, ಇಲ್ಲವೇ ಉಡಾಫೆ. ಒಮ್ಮೆ ಸೇದಿದವರೆಲ್ಲ ದಾಸರಾಗುವುದಿಲ್ಲ. ಎಂದಾದರೂ ಬಳಸಿದವರಲ್ಲಿ ನೂರಕ್ಕೆ ಸುಮಾರು 9 ಮಂದಿ, ಹದಿಹರೆಯದಲ್ಲಿ ಆರಂಭಿಸಿದವರಲ್ಲಿ ಸುಮಾರು 17 ಮಂದಿ ಅವಲಂಬಿತರಾಗುತ್ತಾರೆಂಬುದು ಅಮೆರಿಕದ ಅಧ್ಯಯನಗಳ ಅಂದಾಜು, ದಿನಾ ಬಳಸುವವರಲ್ಲಿ ಈ ಪಾಲು ಇನ್ನೂ ಹೆಚ್ಚು. ಇದು ಚಟವೇ ಅಲ್ಲ, ಬೇಕೆಂದಾಗ ಬಿಡಬಹುದು ಎನ್ನುವವರು ಬಿಟ್ಟ ಮೊದಲ ವಾರದಲ್ಲಿ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು, ಬೆವರು, ಎದ್ದು ಕೂರಿಸುವಂಥ ಕನಸುಗಳಿಂದ ಕಂಗೆಟ್ಟು ಮತ್ತೆ ಪೊಟ್ಟಣಕ್ಕೆ ಕೈಹಾಕುತ್ತಾರೆ. ಎರಡು ವಾರ ತಡೆದುಕೊಂಡರೆ ಇವು ಬಹುಮಟ್ಟಿಗೆ ತಗ್ಗುತ್ತವೆ ಎಂದು ಮೊದಲೇ ತಿಳಿದಿದ್ದರೆ ತಡೆದುಕೊಳ್ಳುವವರೂ ಹೆಚ್ಚುತ್ತಾರೆ. ವರ್ಷಗಟ್ಟಲೆ ಬಳಸಿದ ಕೆಲವರಲ್ಲಿ ಬಿಟ್ಟೂ ಬಿಡದ ವಾಂತಿ, ಹೊಟ್ಟೆನೋವು ಕಾಣಿಸಿಕೊಳ್ಳುತ್ತದೆ. 2004ರಲ್ಲಿ ಆಸ್ಟ್ರೇಲಿಯದ ವೈದ್ಯರು ಇದನ್ನು ಮೊದಲು ವಿವರಿಸಿದರು. ಇದರ ಒಂದು ವಿಚಿತ್ರ ಗುರುತೆಂದರೆ ಸುಡುವ ನೀರಿನ ಸ್ನಾನದಿಂದ ಮಾತ್ರ ರೋಗಿಗೆ ಸ್ವಲ್ಪ ಸಮಾಧಾನ ಸಿಗುವುದು. ಮಗ ಹೊತ್ತಲ್ಲದ ಹೊತ್ತಿನಲ್ಲಿ ಬಚ್ಚಲಿನ ಹಂಡೆಗೆ ಉರಿ ಹಾಕಿ ಮತ್ತೆ ಮತ್ತೆ ಮೀಯುತ್ತಿದ್ದಾನೆ, ಗ್ಯಾಸ್ಟ್ರಿಕ್ ಗುಳಿಗೆಗಳಿಂದ ವಾಂತಿ ನಿಲ್ಲುತ್ತಿಲ್ಲ ಎಂದಾದರೆ ವೈದ್ಯರಿಗೆ ಈ ಸಂಗತಿಯನ್ನೂ ಹೇಳಬೇಕು. ಗಾಂಜಾ ನಿಲ್ಲಿಸಿದ ಹೊರತು ಅದು ನಿಲ್ಲದು.

ಔಷಧಿಯಾಗಿ ಇದರ ಉಪಯೋಗವಿದೆಯೇ ಎಂದು ಮಕ್ಕಳು ಕೇಳುತ್ತಾರೆ. ಇದೆ, ಸೀಮಿತವಾಗಿ. ಇದೇ ಗಿಡದ, ಅಮಲೇರಿಸದ ಸಿಬಿಡಿ ಎಂಬ ಅಂಶದಿಂದ ತಯಾರಿಸಿದ ಔಷಧಿಯನ್ನು ಮಕ್ಕಳ ಎರಡು ಬಗೆಯ ತೀವ್ರ ಅಪಸ್ಮಾರಕ್ಕೆ 2018ರಲ್ಲಿ ಅಮೆರಿಕ ಒಪ್ಪಿತು. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಟಿಎಚ್‌ಸಿ ಆಧಾರಿತ ಗುಳಿಗೆಗಳು 1985ರಿಂದಲೂ ಅಲ್ಲಿವೆ. ಕ್ಯಾನ್ಸರನ್ನೇ ಗುಣಪಡಿಸುತ್ತದೆಂದು ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಎಣ್ಣೆಯ ಮಾತನ್ನು ನಂಬಿ ಕೀಮೊ ಬಿಟ್ಟವರ ಗತಿ ಹೇಳುವುದು ಬೇಡ.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ. ತಮ್ಮಿಂದ ಮುಖ್ಯವಾಗಿ ಬೇಕಾಗಿರುವುದು ಇಲ್ಲಿಯೇ. ಕಳೆದ ವರ್ಷ ಪರಿಚಯದ ತಾಯಿಯೊಬ್ಬರು ನನ್ನಲ್ಲಿಗೆ ಬಂದರು. ಮಗನ ಬೈಕಿನ ಸೀಟಿನಡಿ ಸಿಕ್ಕಿದ ಪೊಟ್ಟಣವನ್ನು ಬಚ್ಚಲೊಲೆಗೆ ಹಾಕಿ ಸುಟ್ಟಿದ್ದರು. “ವಾಸನೆ ರಸ್ತೆ ಮಟ ಬಂತು ಅಕ್ಕೋರೆ, ಬಾಗ್ಲು ಹಾಕ್ಕಂಡು ಕೂತೆ” ಎಂದರು. ಅವರ ಮೊದಲ ಪ್ರಶ್ನೆ ಪೊಲೀಸರು ಬರುತ್ತಾರೆಯೇ ಎಂಬುದು, ಎರಡನೆಯದು ಮಗಳ ಮದುವೆಗೆ ತೊಡಕಾದೀತೇ ಎಂಬುದು. ಮಗನನ್ನು ಎಲ್ಲಿ ತೋರಿಸಬೇಕು ಎಂಬ ಪ್ರಶ್ನೆ ಮೂರನೆಯದಾಗಿ, ಹೊರಟು ನಿಂತಾಗ ಬಂತು.

ಮಾದಕವಸ್ತುಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಇಟ್ಟುಕೊಳ್ಳುವುದು, ಮಾರುವುದು, ಬೆಳೆಯುವುದು, ಸೇವಿಸುವುದು ಎಲ್ಲವೂ ಅಪರಾಧ. ಎಲೆಯ ಭಂಗಿ ಮಾತ್ರ ಆ ಕಾಯ್ದೆಯ ವ್ಯಾಖ್ಯೆಯ ಹೊರಗಿದೆ. ಇದೆಲ್ಲ ಹೆಚ್ಚಿನವರಿಗೆ ಗೊತ್ತು. ಅದೇ ಕಾಯ್ದೆಯ 64ಎ ಕಲಮಿನ ಬಗ್ಗೆ ನನ್ನೆದುರು ಕುಳಿತ ಆ ತಾಯಿಗೆ ಯಾರೂ ಹೇಳಿರಲಿಲ್ಲ. ಸೇವನೆಯ ಆರೋಪ ಅಥವಾ ಅಲ್ಪ ಪ್ರಮಾಣದ, ಗಾಂಜಾಕ್ಕಾದರೆ 1 ಕಿಲೋವರೆಗಿನ, ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ ಅವನ ಮೇಲೆ ಆ ಅಪರಾಧಗಳಿಗೆ ಮೊಕದ್ದಮೆ ನಡೆಸುವಂತಿಲ್ಲ ಎಂದು ಅದು ಹೇಳುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳಿಂದ ಉಂಟಾಗುವ ಮನಸ್ಸಿನ ತೊಂದರೆಗಳನ್ನು ಕಾಯಿಲೆಯೆಂದೇ ಗಣಿಸಿ, ಚಿಕಿತ್ಸೆಯನ್ನು ಹಕ್ಕಾಗಿ ಕೊಟ್ಟಿದೆ, ರೋಗಿಯ ವಿವರ ಗುಟ್ಟಾಗಿರಬೇಕೆಂದೂ ಹೇಳಿದೆ. ಅಪ್ರಾಪ್ತರ ಗುರುತನ್ನು ಬಯಲು ಮಾಡಬಾರದೆಂದು 2015ರ ಬಾಲನ್ಯಾಯ ಕಾಯ್ದೆಯಲ್ಲಿದೆ. ಮಕ್ಕಳಿಗೆ ಮಾದಕವಸ್ತು ಕೊಡುವವರಿಗೆ, ಅವರಿಂದ ಮಾರಿಸುವವರಿಗೆ ಏಳು ವರ್ಷಗಳವರೆಗೆ ಶಿಕ್ಷೆಯೂ ಅದರಲ್ಲಿಯೇ ಇದೆ. ಮಾರುವವರ ಮೇಲೆ ಕಾನೂನಿನ ಬಿಗಿ ಒಂದಿಷ್ಟೂ ಸಡಿಲಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಕರಾವಳಿಯ ಪತ್ರಿಕೆಗಳಲ್ಲಿ ‘ಗಾಂಜಾ ಸೇವನೆ ದೃಢ’ ಎಂಬ ತಲೆಬರಹದಡಿ ಯುವಕರ ಹೆಸರು, ಊರುಗಳು ಆಗಾಗ ಅಚ್ಚಾಗುತ್ತವೆ. ಇದರಲ್ಲಿ ವಿಜ್ಞಾನದ ದೃಷ್ಟಿಯಿಂದಲೂ ಒಂದು ಮಾತಿದೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ದೇಹದ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಒಮ್ಮೆ ಸೇದಿದವನ ಮೂತ್ರದಲ್ಲಿ ಅದರ ಅಂಶ ಕೆಲವು ದಿನ, ದಿನಾ ಸೇದುವವನಲ್ಲಿ ವಾರಗಟ್ಟಲೆ ಸಿಗುತ್ತದೆ. ಹಿಂದೆಂದೋ ಬಳಸಿದ್ದಾನೆ ಎಂಬುದಕ್ಕೆ ಆ ಪರೀಕ್ಷೆ ಸಾಕ್ಷಿ, ಈಗ ಅಮಲಿನಲ್ಲಿದ್ದಾನೆ ಎಂಬುದಕ್ಕಾಗಲಿ, ಅವನು ವ್ಯಸನಿಯೇ ಅಲ್ಲವೇ ಎಂಬುದಕ್ಕಾಗಲಿ ಅಲ್ಲ. ಹೆಸರು ಅಚ್ಚಾದ ಹುಡುಗನಿಗೆ ಕೆಲಸ ಕೊಡುವವರಿಲ್ಲದಾದಾಗ ಹತ್ತಿರ ಉಳಿಯುವವರು ಸೇದುವ ಗೆಳೆಯರೇ. ಬರೀ ಸೇವನೆಯ ಪ್ರಕರಣಗಳಲ್ಲಿ ಹೆಸರು, ಭಾವಚಿತ್ರಗಳನ್ನು ಪತ್ರಿಕೆಗಳಿಗೆ ಕೊಡದಿರುವಂತೆ, ಹಾಗೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಪ್ರತಿಯೊಬ್ಬನಿಗೂ 64ಎ ಕಲಮನ್ನು ಕನ್ನಡದಲ್ಲಿ ಓದಿ ಹೇಳಿ ಮನೋವೈದ್ಯರ ಬಳಿಗೆ ಕಳುಹಿಸುವಂತೆ ತಮ್ಮ ಸಮಿತಿಯಿಂದ ಸೂಚನೆ ಹೋಗಬೇಕೆಂದು ಕೋರುತ್ತೇನೆ.

ಕಳುಹಿಸುವುದೆಲ್ಲಿಗೆ ಎಂಬ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಸುಲಭದ್ದಲ್ಲ. ಸುಸಜ್ಜಿತ ಆಸ್ಪತ್ರೆಗಾಗಿ ಈ ಜಿಲ್ಲೆ ಎಷ್ಟು ಕೂಗಿದೆಯೆಂಬುದು ತಮಗೆ ಗೊತ್ತಿದೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಏಮ್ಸ್ ಸಂಸ್ಥೆಯ ಮುಂದಾಳತ್ವದಲ್ಲಿ ನಡೆದು 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಾಂಜಾ, ಚರಸ್, ಭಂಗಿ ಬಳಸುವವರು ಸುಮಾರು 3.1 ಕೋಟಿ, ಅವರಲ್ಲಿ ನೆರವಿನ ಅಗತ್ಯವಿರುವವರು ಸುಮಾರು 72 ಲಕ್ಷ. ಗಾಂಜಾ ಚಟಕ್ಕೆ ಇಂಥದ್ದೇ ಎಂಬ ಗುಳಿಗೆಯಿಲ್ಲ. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ’ ಎಂಬ ಗೋಡೆಬರಹಗಳೆಲ್ಲ ದುಡ್ಡು ಮಾಡುವ ದಾರಿ. ಫಲ ಕೊಡುವುದು ತರಬೇತಿ ಪಡೆದವರ ಆಪ್ತಸಮಾಲೋಚನೆ, ಮನೆಯವರ ಸಹಕಾರ, ಖಿನ್ನತೆಯೋ ನಿದ್ರಾಹೀನತೆಯೋ ಜೊತೆಗಿದ್ದರೆ ಅದಕ್ಕೆ ಚಿಕಿತ್ಸೆ. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯಕೀಯ ವಿಭಾಗ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಮಾನಸಿಕ ಆರೋಗ್ಯ ತಪಾಸಣೆಯನ್ನು ಇದಕ್ಕೆ ಬಳಸಿಕೊಳ್ಳಬಹುದು. ಜೋಯಿಡಾದ ಒಳಹಳ್ಳಿಯ ಹುಡುಗನೊಬ್ಬ ಕಾರವಾರಕ್ಕೆ ಬಂದುಹೋಗಲು ಒಂದು ದಿನದ ಕೂಲಿ ಬಿಡಬೇಕು. ಅಂಥವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿಯ 14446 ಈ ಎರಡು ಸಂಖ್ಯೆಗಳಾದರೂ ಬಸ್ ನಿಲ್ದಾಣ, ಬಂದರು, ಕಾಲೇಜು, ಸೊಸೈಟಿಗಳ ಗೋಡೆಯ ಮೇಲೆ ಕಾಣುವಂತಿರಬೇಕು.

ಕೊನೆಯದಾಗಿ, ಮುಂದಿನ ಜೂನ್ 26ಕ್ಕೆ ಮುನ್ನ, ಪ್ರತಿಜ್ಞೆಯ ಜೊತೆಗೆ ಮಕ್ಕಳ ಕೈಗೆ ಕೊಡಬಹುದಾದ ಎರಡು ಪುಟದ ಕರಪತ್ರವೊಂದನ್ನು ಕನ್ನಡ ಮತ್ತು ಕೊಂಕಣಿಯಲ್ಲಿ ಸಿದ್ಧಪಡಿಸಲು ಮನೋವೈದ್ಯರು, ವಿಜ್ಞಾನ ಶಿಕ್ಷಕರು, ಪೊಲೀಸ್ ಅಧಿಕಾರಿಗಳನ್ನು ಒಟ್ಟಿಗೆ ಕೂರಿಸಬೇಕೆಂದು ವಿನಂತಿಸುತ್ತೇನೆ. ಈ ಪತ್ರದಲ್ಲಿ ಹೇಳಿದ ಸಂಗತಿಗಳನ್ನೇ ಮಕ್ಕಳಿಗೆ ಅರ್ಥವಾಗುವಂತೆ ಬರೆದ ಕರಡೊಂದನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ತಜ್ಞರು ಅದನ್ನು ತಿದ್ದಲಿ, ಬೇಡವಾದದ್ದನ್ನು ಹೊಡೆದುಹಾಕಲಿ. 64ಎ ಕಲಮಿನ ವಿವರ ಮತ್ತು ಸಹಾಯವಾಣಿಯ ಸಂಖ್ಯೆಗಳಿರುವ ಭಾಗವನ್ನು ಮಾತ್ರ ಬಿಡದಿರಲಿ. ಕುಮಟಾ, ಹೊನ್ನಾವರ, ಅಂಕೋಲಾ ತಾಲ್ಲೂಕುಗಳ ಶಾಲೆಗಳಲ್ಲಿ ಅದನ್ನು ಹಿಡಿದು ಪಾಠ ಮಾಡಲು, ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲು, ನಾನೂ ನನ್ನ ಜೊತೆ ನಿವೃತ್ತರಾದ ಕೆಲವು ಶಿಕ್ಷಕರೂ ಯಾವ ಸಂಭಾವನೆಯೂ ಇಲ್ಲದೆ ಬರಲು ಒಪ್ಪಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಕುಮಟಾ